ಹಿಂದಿನ ಕೋಣೆಗೆ ತಲುಪದ ಅಲೆ

ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯೊಂದರಲ್ಲಿ ನಾಲ್ವರು ವಿದ್ಯಾರ್ಥಿಗಳು ಅಂತರಜಾಲದ ಶುಲ್ಕವನ್ನು ಸಮನಾಗಿ ಭರಿಸುತ್ತಾರೆ. ರೂಟರ್ ಇರುವುದು ನಡುಮನೆಯಲ್ಲಿ. ಅಡುಗೆಮನೆಯಾಚೆಯ ಕೋಣೆಯಲ್ಲಿರುವ ನನ್ನ ಸೋದರಳಿಯನ ಮಗನಿಗೆ ಮಾತ್ರ ಸಿಗ್ನಲ್ ದೊರೆಯದು. ಪರೀಕ್ಷೆಯ ಕಾಲದಲ್ಲೂ ಆತ ನಡುಮನೆಯ ನೆಲದ ಮೇಲೆಯೇ ಕುಳಿತು ಓದಬೇಕು. ‘ರಿಪೀಟರ್ ಬೇಕಿದ್ದರೆ ನೀನೇ ಕೊಂಡುಕೋ’ ಎಂಬುದು ಉಳಿದ ಮೂವರ ತೀರ್ಪು.

ಈ ತೀರ್ಪು ನನಗೆ ಒಪ್ಪಿಗೆಯಾಗಲಿಲ್ಲ. ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕ್ಯಾನನ್ 1965ರಲ್ಲಿ ಮಂಡಿಸಿದ ‘ಕ್ಲಬ್’ ಸಿದ್ಧಾಂತದ ವಸ್ತುವೇ ಇದು: ಸೀಮಿತ ಸದಸ್ಯರು ಹಂಚಿಕೊಂಡು ಅನುಭವಿಸುವ ಸೌಕರ್ಯ. ವಂತಿಗೆ ಸಮನಾಗಿದ್ದು ಫಲ ಸಮನಾಗಿರದಿದ್ದರೆ, ಒಬ್ಬನು ಉಳಿದವರಿಗೆ ಸಹಾಯಧನ ನೀಡುತ್ತಿದ್ದಾನೆಂದೇ ಅರ್ಥ. ಸರ್ಕಾರಿ ಕಡತಗಳಲ್ಲಿ ಇಂಥದ್ದನ್ನು ಸಾಕಷ್ಟು ಕಂಡಿದ್ದೇನೆ.

ರಿಪೀಟರ್ ಕೂಡ ಅಂಥ ದಿವ್ಯೌಷಧವೇನಲ್ಲ. ಒಂದೇ ತರಂಗದಲ್ಲಿ ಕೇಳಿ ಅದರಲ್ಲೇ ಮರುನುಡಿಯುವ ಸಾಧನವು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿಟ್ಟರೆ ಮರುನುಡಿಯಲು ಏನೂ ಇರುವುದಿಲ್ಲ. 5 ಗಿಗಾಹರ್ಟ್ಸ್ ಅಲೆ ಗೋಡೆಗೆ ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸ್ ದೂರ ಸಾಗುತ್ತದೆ, ಆದರೆ ನೆರೆಮನೆಗಳ ಗದ್ದಲದ ನಡುವೆ. ಬಾಗಿಲ ಚೌಕಟ್ಟಿನ ಗುಂಟ ಈಥರ್‌ನೆಟ್ ತಂತಿ ಎಳೆದು, ಅದರ ತುದಿಗೆ ಹಳೆಯ ರೂಟರೊಂದನ್ನು ಆಕ್ಸೆಸ್ ಪಾಯಿಂಟ್ ಆಗಿ ಜೋಡಿಸುವುದೇ ಲೇಸು. ಗೋಡೆ ಕೊರೆಯಬೇಕಿಲ್ಲ, ಮುಂಗಡ ಹಣಕ್ಕೆ ಮಾಲೀಕರ ಕತ್ತರಿಯೂ ಬೀಳದು.

ವೆಚ್ಚವನ್ನು ನಾಲ್ಕು ಪಾಲು ಮಾಡಿರೆಂದು ಹೇಳಿದೆ. ಇಬ್ಬರು ಒಪ್ಪಿದ್ದಾರೆ, ಮೂರನೆಯವನು ಯೋಚಿಸುತ್ತಿದ್ದಾನೆ.