ಗಣಕಯಂತ್ರದ ಲೆಕ್ಕವೂ ಗುಮಾಸ್ತನ ಮಾತೂ

ಭಾಂಡುಪ್ ರೈಲ್ವೇ ನಿಲ್ದಾಣದಿಂದ ಅನತಿದೂರದಲ್ಲಿ ನಮ್ಮವರೊಬ್ಬರ ಹೋಟೇಲಿದೆ. ಇತ್ತೀಚೆಗೆ ಒಂದು ಸಂಜೆ ನಾವಲ್ಲಿಗೆ ಹೋದಾಗ ಗಲ್ಲಾದ ಬಳಿ ರಂಪವೆದ್ದಿತ್ತು. ಬಿಲ್ಲು ಮಾಡುವ ಗಣಕಯಂತ್ರವು ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿ ತಾನು ತೂಕಡಿಸುತ್ತಿತ್ತು. ರಿಪೇರಿಗೆ ಬಂದವನು ಪರೀಕ್ಷಿಸಿ, "ಇದನ್ನು 19 ದಿನಗಳಿಂದ ಆರಿಸಿಯೇ ಇಲ್ಲ" ಎಂದು ಸಾರಿದನು. "ಪ್ರತಿ ರಾತ್ರಿ ನಾನೇ ಆರಿಸುತ್ತೇನೆ, ಧಣಿಗಳೇ" ಎಂದು ಗುಮಾಸ್ತನು ಅಲವತ್ತುಕೊಂಡನು. "ಸುಳ್ಳಾಡುವವನು ಗಲ್ಲಾದಲ್ಲಿ ಬೇಡ" ಎಂದರು ಯಜಮಾನರು. ಬಡಪಾಯಿಯ ಅನ್ನಕ್ಕೇ ಸಂಚಕಾರ ಬಂದಿತ್ತು.

ವಾಚಕರೇ, ಈ 19 ದಿನಗಳ ಲೆಕ್ಕವೆಲ್ಲಿಯದು? ಯಂತ್ರವು ಚಾಲನೆಗೊಂಡಂದಿನಿಂದ ಕಳೆದ ಕಾಲವನ್ನು ತನ್ನೊಳಗೇ ಎಣಿಸುತ್ತಿರುತ್ತದೆ. ಇದಕ್ಕೆ 'ಅಪ್‌ಟೈಮ್' ಎಂದು ಹೆಸರು. ಲಿನಕ್ಸ್ ಯಂತ್ರಗಳಲ್ಲಿ 'ಅಪ್‌ಟೈಮ್' ಎಂಬ ಆಜ್ಞೆಯೂ, ಪವರ್‌ಶೆಲ್‌ನ 6ನೆಯ ಆವೃತ್ತಿಯಿಂದೀಚೆಗೆ 'ಗೆಟ್-ಅಪ್‌ಟೈಮ್' ಎಂಬ ಆಜ್ಞೆಯೂ ಅದನ್ನು ಓದಿ ಹೇಳುತ್ತವೆ. ಆಜ್ಞೆ ಬರೆಯಲರಿಯದವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿಯೂ ನೋಡಬಹುದು.

ಈ ಲೆಕ್ಕವನ್ನು ಅಲಕ್ಷಿಸಿದರೆ ಅನರ್ಥವೂ ಉಂಟು. ಹಳೆಯ ಪದ್ಧತಿಯ ಎಣಿಕೆಯು ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಎಣಿಸುತ್ತ, ಸುಮಾರು 429 ಕೋಟಿ ಮುಟ್ಟಿದೊಡನೆ, ಎಂದರೆ 49 ದಿನ 17 ತಾಸುಗಳಲ್ಲಿ, ತುಂಬಿಹೋಗುತ್ತಿತ್ತು. 2004ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಯಂತ್ರಣ ಕೇಂದ್ರದಲ್ಲಿ, ಅವಧಿಗೆ ಮುನ್ನ ಯಂತ್ರವನ್ನು ಮರುಚಾಲನೆಗೊಳಿಸುವ ಕಾರ್ಯ ತಪ್ಪಿದ್ದರಿಂದ, 3 ತಾಸಿಗೂ ಮೇಲ್ಪಟ್ಟು ವಿಮಾನಗಳೊಡನೆ ಸಂಪರ್ಕ ಕಡಿದುಹೋಗಿತ್ತು.

ಇನ್ನು ನಮ್ಮ ಗುಮಾಸ್ತನ ವಿಷಯ. 2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಅದು ಜಾರಿಯಲ್ಲಿದ್ದರೆ 'ಶಟ್‌ಡೌನ್' ಒತ್ತಿದಾಗ ಯಂತ್ರವು ತನ್ನ ಮೂಲ ವ್ಯವಸ್ಥೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ತೆರೆದು ಬೇಗನೆ ಏಳುತ್ತದೆ. ಆದುದರಿಂದ ಎಣಿಕೆಯು ಸೊನ್ನೆಗೆ ಬರುವುದಿಲ್ಲ. 'ರೀಸ್ಟಾರ್ಟ್' ಒತ್ತಿದರೆ ಮಾತ್ರ ಹೊಸದಾಗಿ ಆರಂಭವಾಗುತ್ತದೆ. ಗುಮಾಸ್ತನು ದಿನವೂ ಆರಿಸಿದ್ದುದೂ ನಿಜ, ಯಂತ್ರವು 19 ದಿನವೆಂದು ತೋರಿಸಿದುದೂ ನಿಜ!

ನಾವಿದನ್ನು ವಿವರಿಸಿ, ಯಜಮಾನರ ಕೈಯಿಂದಲೇ ರೀಸ್ಟಾರ್ಟ್ ಒತ್ತಿಸಿದೆವು. ಎಣಿಕೆ ಸೊನ್ನೆಯಿಂದ ತೊಡಗಿತು, ಬಿಲ್ಲುಗಳೂ ಸರಾಗವಾಗಿ ಹೊರಟವು. ಯಜಮಾನರು ಮಾತಿಲ್ಲದೆ ಗುಮಾಸ್ತನಿಗೊಂದು ಚಹಾ ತರಿಸಿದರು.

ಹೋಟೇಲು ನಡೆಸಿದ ಕಾಲದಲ್ಲಿ ನಾವೂ ಇಂತಹ ಆತುರದ ತೀರ್ಪು ಕೊಟ್ಟವರೇ. ಗಲ್ಲಾದ ಬಂಧುಗಳು ವಾರಕ್ಕೊಮ್ಮೆಯಾದರೂ ಯಂತ್ರವನ್ನು ರೀಸ್ಟಾರ್ಟ್ ಮಾಡಲಿ. ಯಜಮಾನರು ಯಂತ್ರದ ಅಂಕಿಯನ್ನು ನಂಬುವ ಮೊದಲು ಅದರ ಅರ್ಥವನ್ನು ವಿಚಾರಿಸಲಿ.