ಕಡಲು ದಾಟಿದ ತೋಟಗಳು

ಬೆಳಗಾವಿಯ ಅನಗೋಳವನ್ನು ದಾಟಿ ಖಾನಾಪುರದ ಕಡೆಗೆ ಹೊರಟವರಿಗೆ ಗೆಣಸಿನ ಬಳ್ಳಿಯಾಗಲಿ, ಬಟಾಟೆಯ ಸಾಲಾಗಲಿ, ಮುಂದೆ ಕಾಡಿನ ಸೆರಗಿನಲ್ಲಿ ನಿಂತ ಗೇರುಮರವಾಗಲಿ ಹೊಸ ನೋಟವೇನಲ್ಲ. ಇವುಗಳ ಜೊತೆಗೆ ಮೆಣಸಿನಕಾಯಿಯನ್ನೂ ಸೇರಿಸಿಕೊಳ್ಳಿ. ಈ ನಾಲ್ಕರಲ್ಲಿ ಒಂದೂ ಈ ನೆಲದಲ್ಲಿ ಹುಟ್ಟಿದ್ದಲ್ಲ. ಎಲ್ಲವೂ ಅಮೆರಿಕ ಖಂಡದಿಂದ ಹೊರಟು, ಪೋರ್ತುಗೀಜರ ಹಾಗೂ ಅವರ ಹಿಂದೆ ಬಂದವರ ಹಡಗುಗಳಲ್ಲಿ ಕಡಲು ದಾಟಿದವು. ಅವುಗಳನ್ನು ತಂದವರಾರು, ಮೊದಲು ಊರಿದವರಾರು ಎಂದು ಯಾರೂ ಬರೆದಿಡಲಿಲ್ಲ. ವ್ಯಾಪಾರಿಯ ಗಂಟಿನಲ್ಲಿ ಸದ್ದಿಲ್ಲದೆ ಬಂದವು, ಸದ್ದಿಲ್ಲದೆ ನಮ್ಮವಾದವು.

ಹದಿನೆಂಟನೆಯ ಶತಮಾನದಲ್ಲಿ ಈ ಸದ್ದಿಲ್ಲದ ಪಯಣ ರಾಜಕಾರಣದ ವಿಷಯವಾಯಿತು. ಅದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟ ಬಳಿಕ, ಒಂದು ದೇಶದ ತೋಟಗಾರನು ಕೇಳಿದ ಗಿಡ ಯಾವುದೆಂಬುದು ಇನ್ನೊಂದು ದೇಶದವನಿಗೆ ತಿಳಿಯತೊಡಗಿತು. ಇದು ಮೊದಲನೆಯದು. ಎರಡನೆಯದು ಹಣ. ಲವಂಗ ಮತ್ತು ಜಾಯಿಕಾಯಿಗಳನ್ನು ಡಚ್ಚರು ಮೊಲುಕ್ಕ ದ್ವೀಪಗಳಲ್ಲಿ ಕಾವಲಿಟ್ಟು ಬೆಳೆಸುತ್ತಿದ್ದರು. ಮಾರಿಷಸ್ಸಿನ ಫ್ರೆಂಚ್ ಅಧಿಕಾರಿ ಪಿಯರ್ ಪುವಾವ್ರ್ ಆ ಕಾವಲನ್ನು ತಪ್ಪಿಸಿ, 1770ರಲ್ಲಿ ಅವುಗಳ ಸಸಿಗಳನ್ನೂ ಬೀಜಗಳನ್ನೂ ತನ್ನ ದ್ವೀಪಕ್ಕೆ ತರಿಸಿದನು. ಪಾಂಪ್ಲೆಮೂಸಿನ ತೋಟದಲ್ಲಿ ಅವು ಬೇರೂರಿದ ಮೇಲೆ ಒಂದು ದೇಶದ ಏಕಸ್ವಾಮ್ಯ ಸಡಿಲವಾಯಿತು. ತೋಟವೆಂದರೆ ವಿಹಾರದ ಸ್ಥಳ ಮಾತ್ರವಲ್ಲ, ಬೊಕ್ಕಸವೂ ಹೌದೆಂಬುದು ದೊರೆಗಳಿಗೆ ಮನವರಿಕೆಯಾಯಿತು.

ಈ ಕಥೆಯಲ್ಲಿ 1787 ಎಂಬ ವರ್ಷವನ್ನು ನೆನಪಿಡಬೇಕು. ಆ ವರ್ಷ ಕಲಕತ್ತೆಯ ಬಳಿ, ಹೂಗ್ಲಿ ನದಿಯ ದಡದಲ್ಲಿ, ರಾಬರ್ಟ್ ಕಿಡ್ ಎಂಬ ಸೇನಾಧಿಕಾರಿಯ ಸಲಹೆಯಂತೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯೋದ್ಯಾನ ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಾಹಿತಿ ದ್ವೀಪದ ದೀವಿಹಲಸನ್ನು ವೆಸ್ಟ್ ಇಂಡೀಸಿಗೆ ಒಯ್ಯಲೆಂದು ಬೌಂಟಿ ಎಂಬ ಹಡಗು ಇಂಗ್ಲೆಂಡಿನಿಂದ ಹೊರಟಿತು. ಇವೆರಡಕ್ಕೂ ನಡುವೆ, ಜುಲೈ ತಿಂಗಳಲ್ಲಿ, ಪುದುಚೇರಿಯಿಂದ ಇನ್ನೊಂದು ಹಡಗು ಹೊರಟಿತ್ತು. ಅದರಲ್ಲಿದ್ದವರು ನಮ್ಮ ಮೈಸೂರಿನ ರಾಯಭಾರಿಗಳು.

ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ತೊಡಗಿಸಿದ್ದನು. ಟಿಪ್ಪು ಅದನ್ನು ಬೆಳೆಸಿದನು. ಬಂಗಾಳದಿಂದ ರೇಷ್ಮೆಹುಳುವನ್ನು ತರಿಸಲು ಆಳುಗಳನ್ನು ಅಟ್ಟಿದವನೂ ಅವನೇ. ಆತನ ಮೂವರು ರಾಯಭಾರಿಗಳು ಸುಮಾರು ಹನ್ನೊಂದು ತಿಂಗಳ ಪಯಣದ ಬಳಿಕ ತೂಲೋಂ ಬಂದರನ್ನು ಮುಟ್ಟಿ, 1788ರ ಆಗಸ್ಟಿನಲ್ಲಿ ವೆರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಬಯಸಿದ್ದು ಇಂಗ್ಲಿಷರ ವಿರುದ್ಧ ಸೇನೆಯ ನೆರವು. ಅದರ ಜೊತೆಗೆ ಕುಶಲಕರ್ಮಿಗಳನ್ನೂ, ಬೀಜಗಳನ್ನೂ, ತೋಟಗಾರರನ್ನೂ ಕೇಳಿದರು. ಸೇನೆಯ ವಿಷಯದಲ್ಲಿ ಲೂಯಿ ಮಾತು ಕೊಡಲಿಲ್ಲ, ಬೊಕ್ಕಸ ಬರಿದಾಗಿತ್ತು. ಬೀಜ ಕೊಡುವುದು ಸುಲಭವಾಗಿತ್ತು. ಪ್ಯಾರಿಸಿನ ರಾಜೋದ್ಯಾನದಲ್ಲಿ ಅದನ್ನು ಆಯ್ದು ಸಿದ್ಧಗೊಳಿಸುವ ಕೆಲಸ ಪ್ರಧಾನ ತೋಟಗಾರ ಆಂದ್ರೆ ತೂಯಾಂನ ಪಾಲಿಗೆ ಬಂದಿತು. ಈತ ತೋಟಗಾರನ ಮಗ. ತಂದೆ ತೀರಿಕೊಂಡಾಗ, ಹದಿನೇಳನೆಯ ವಯಸ್ಸಿಗೇ ಆ ಹೊಣೆಯನ್ನು ಹೊತ್ತವನು. ದೊರೆಗೆ ದೊರೆ ಕಳಿಸುವ ಕಾಣಿಕೆ ಕೊನೆಗೆ ಇಂಥವನ ಮಣ್ಣು ಮೆತ್ತಿದ ಕೈಯಿಂದಲೇ ಹೊರಡಬೇಕಾಗಿತ್ತು.

ಆ ಕಾಲದಲ್ಲಿ ಸಸಿಯೊಂದನ್ನು ಜೀವಂತವಾಗಿ ಸಾಗಿಸುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ನಾವು ಇಂದು ಊಹಿಸಲಾರೆವು. ಗಾಜಿನ ಮುಚ್ಚುಪೆಟ್ಟಿಗೆ ಬಳಕೆಗೆ ಬಂದದ್ದು 1830ರ ದಶಕದ ಬಳಿಕ. ಅದಕ್ಕೆ ಮೊದಲು ಸಸಿಗಳು ಮರದ ತೊಟ್ಟಿಗಳಲ್ಲಿ ಹಡಗಿನ ಮೇಲಟ್ಟದ ಮೇಲಿರಬೇಕಾಗಿತ್ತು. ಒಳಗಿಟ್ಟರೆ ಬೆಳಕಿಲ್ಲ, ಹೊರಗಿಟ್ಟರೆ ಉಪ್ಪುನೀರಿನ ಎರಚಲು. ಸಿಹಿನೀರು ಮನುಷ್ಯರಿಗೇ ಅಳೆದು ಕೊಡುವಂಥದು. ಇಲಿಗಳ ಕಾಟ ಬೇರೆ. ಬೀಜಗಳೂ ಸುಖವಾಗಿರಲಿಲ್ಲ, ಸೆಕೆಗೆ ಮುಗ್ಗುತ್ತಿದ್ದವು, ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದವು. ಹೊರಟದ್ದರಲ್ಲಿ ಕೆಲವಷ್ಟೇ ದಡ ಸೇರುತ್ತಿದ್ದವು.

ಬೌಂಟಿಯ ಗತಿ ಎಲ್ಲರೂ ಬಲ್ಲದ್ದೇ. 1789ರ ಏಪ್ರಿಲಿನಲ್ಲಿ ನಾವಿಕರು ದಂಗೆಯೆದ್ದು, ಸಾವಿರಕ್ಕೂ ಮಿಕ್ಕ ದೀವಿಹಲಸಿನ ಸಸಿಗಳನ್ನು ಕಡಲಿಗೆಸೆದರು. ಕಪ್ತಾನನೊಡನೆ ತೆರೆದ ದೋಣಿಗೆ ನೂಕಲ್ಪಟ್ಟವರಲ್ಲಿ ಆ ಸಸಿಗಳನ್ನು ಸಾಕಿದ ತೋಟಗಾರ ಡೇವಿಡ್ ನೆಲ್ಸನ್ ಕೂಡ ಇದ್ದನು. ದೋಣಿ ಟಿಮೋರ್ ದ್ವೀಪವನ್ನು ಸೇರಿತು. ಅವನು ಅಲ್ಲಿ ಜ್ವರದಿಂದ ತೀರಿಕೊಂಡನು. ದಂಗೆಯ ಕಥೆ ಲೋಕಪ್ರಸಿದ್ಧವಾಯಿತು, ತೋಟಗಾರನ ಹೆಸರು ಮಾಸಿತು. ಆ ಸಸಿಗಳ ಉದ್ದೇಶವಾದರೂ ಏನು? ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಕೂಳು. ಎರಡನೆಯ ಯಾತ್ರೆಯಲ್ಲಿ, 1793ರಲ್ಲಿ, ಮರಗಳು ಅಲ್ಲಿಗೆ ತಲುಪಿದವು. ಆದರೆ ಅವುಗಳ ಹಣ್ಣು ಬಹುಕಾಲ ಆ ಜನರ ನಾಲಿಗೆಗೆ ಒಗ್ಗಲಿಲ್ಲ. ಸಸ್ಯವಿನಿಮಯವೆಲ್ಲ ಲೋಕೋಪಕಾರವೆಂದು ಬಣ್ಣಿಸುವ ಮೊದಲು ಇದನ್ನು ನೆನೆಯಬೇಕು. ಕಿಡ್ ಕೂಡ ತನ್ನ ಮನವಿಯಲ್ಲಿ ಕ್ಷಾಮದಿಂದ ಬಳಲುವ ಜನರ ಹಿತವನ್ನು ಹೇಳಿದನು. ಇಂಗ್ಲೆಂಡಿನ ವಾಣಿಜ್ಯದ ಹಿತವನ್ನೂ ಹೇಳಿದನು. ಒಂದೇ ಪಾತಿಯಲ್ಲಿ ಕರುಣೆಯೂ ಲಾಭವೂ ಜೊತೆಯಾಗಿ ಮೊಳೆತವು.

ಬೀಜ ಕೇಳಿದ ದೊರೆಯೂ ಕೊಟ್ಟ ದೊರೆಯೂ ಬಹುಕಾಲ ಉಳಿಯಲಿಲ್ಲ. ಲೂಯಿ 1793ರ ಜನವರಿಯಲ್ಲಿ ವಧಾಸ್ಥಾನವನ್ನೇರಿದನು. ಅದೇ ವರ್ಷ ಅವನ ಉದ್ಯಾನ ರಾಷ್ಟ್ರದ ವಸ್ತುಸಂಗ್ರಹಾಲಯವಾಯಿತು. ತೂಯಾಂ ಅಲ್ಲಿ ಪ್ರಾಧ್ಯಾಪಕನಾದನು. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದನು. ಲಾಲ್‌ಬಾಗ್ ಕಂಪನಿಯ ವಶವಾಗಿ, ಅದರ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆಯ ಉಸ್ತುವಾರಿಗೆ ಬಂದಿತು. ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ತೋಟಗಳಲ್ಲಿ ಹುಲುಸಾಗಿ ಬೆಳೆದ ದ್ರಾಕ್ಷಿಯನ್ನೂ ಸೈಪ್ರೆಸ್ಸನ್ನೂ, ಫಲ ಬಿಡುತ್ತಿದ್ದ ಸೇಬಿನ ಗಿಡಗಳನ್ನೂ ಕಂಡು ಬರೆದನು. ಸುಲ್ತಾನನ ಸೈನ್ಯ ಚದುರಿತ್ತು. ಪರದೇಶದ ಗಿಡಗಳು ನೆಲದಲ್ಲಿ ಕಾಲೂರಿ ನಿಂತಿದ್ದವು.

ಗಿಡಕ್ಕೆ ಒಡೆಯನ ಗುರುತಿಲ್ಲ, ನೀರೆರೆದ ಕೈಯ ಗುರುತು ಮಾತ್ರ ಇರುತ್ತದೆ. ಇತಿಹಾಸದ ಪುಸ್ತಕವಾದರೋ ಒಡೆಯನ ಹೆಸರನ್ನು ಬರೆದು, ಆ ಕೈಯನ್ನು ಮರೆಯುತ್ತದೆ. ಇನ್ನೊಮ್ಮೆ ಸಂತೆಯಲ್ಲಿ ಗೆಣಸು ಕೊಳ್ಳುವಾಗ, ದೂರದ ಕಡಲನ್ನು ದಾಟಿ ಬಂದ ಆ ಗಡ್ಡೆಯನ್ನು ಮೊದಲ ಬಾರಿಗೆ ನಮ್ಮ ಮಣ್ಣಿನಲ್ಲಿ ಊರಿ, ಮಳೆಗಾಗಿ ಕಾದು ಕುಳಿತ ಯಾರೋ ಒಬ್ಬನನ್ನು ನೆನೆದುಕೊಂಡರೆ, ಆ ಸಾಲ ಒಂದಿಷ್ಟಾದರೂ ತೀರೀತು.