ಕರೆಂಟ್ ತೆಗೆದ ನೀರು

ಕೆರೂರಿನ ಶಿಕ್ಷಕಿಯೊಬ್ಬರು ಏಳನೇ ತರಗತಿಗೆ ಶಕ್ತಿಯ ರೂಪಾಂತರದ ಪಾಠ ಮಾಡುವಾಗ ಆಲಮಟ್ಟಿ ಅಣೆಕಟ್ಟಿನ ವಿದ್ಯುತ್ ಕೇಂದ್ರದ ಉದಾಹರಣೆ ಕೊಟ್ಟರಂತೆ. ಆಗ ಹುಡುಗನೊಬ್ಬ ಎದ್ದು, “ಅಕ್ಕೋರ, ಕರೆಂಟ್ ತಗದ ಮ್ಯಾಲ ನೀರಾಗ ಸತ್ವ ಉಳಿಯಂಗಿಲ್ಲಂತ ನಮ್ಮ ಮುತ್ಯಾ ಹೇಳ್ತಾನ್ರಿ, ಖರೇ ಏನ್ರಿ?” ಎಂದು ಕೇಳಿದ. ಶಿಕ್ಷಕಿ ಆ ಪ್ರಶ್ನೆಯನ್ನು ನನಗೆ ದಾಟಿಸಿದ್ದಾರೆ. ಎಂಥ ಒಳ್ಳೆಯ ಪ್ರಶ್ನೆ!

ಖರೆ ಅಲ್ಲ. ಮೊಸರು ಕಡೆದು ಬೆಣ್ಣೆ ತೆಗೆದ ಹಾಗೆ ಟರ್ಬೈನು ನೀರಿನೊಳಗಿಂದ ಏನನ್ನೂ ಹೊರತೆಗೆಯುವುದಿಲ್ಲ. ಆಲಮಟ್ಟಿಯಲ್ಲಿ 55 ಮೆಗಾವಾಟ್‌ನ ಐದು ಯಂತ್ರ, 15 ಮೆಗಾವಾಟ್‌ನ ಒಂದು, ಒಟ್ಟು 290 ಮೆಗಾವಾಟ್. ಇವುಗಳನ್ನು ತಿರುಗಿಸಿ ಹೊರಬಂದ ನೀರೇ ಮುಂದೆ ನಾರಾಯಣಪುರ ಜಲಾಶಯ ಸೇರಿ, ಕಾಲುವೆಗಳಲ್ಲಿ ಹರಿದು ಬೆಳೆಗೆ ಸಿಗುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರು ಮೆಕ್ಕಲನ್ನು ತಳಕ್ಕೆ ಬಿಡುವುದು ನಿಜ. ಆದರೆ ಅದು ನಿಂತದ್ದರ ಫಲ. ಅದರಲ್ಲಿ ಯಂತ್ರದ ಪಾಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ಈ ಮೂಢನಂಬಿಕೆಯನ್ನು ಇನ್ನಾದರೂ ಕೈಬಿಡಬೇಕು.

ಹಾಗಾದರೆ ನೀರು ಕಳೆದುಕೊಂಡದ್ದೇನು? ಎತ್ತರವನ್ನು. ಒಂದು ಲೀಟರ್ ನೀರು 25 ಮೀಟರ್ ಇಳಿಯಿತು ಎನ್ನಿ. ಅದರಿಂದ ಸಿಗುವುದು ಸುಮಾರು 245 ಜೂಲ್. ದಾರಿಯ ನಷ್ಟ ಕಳೆದರೂ 9 ವಾಟ್‌ನ ಎಲ್‌ಇಡಿ ಬಲ್ಬು 20 ಸೆಕೆಂಡ್ ಉರಿದೀತು.

ನನಗೆ ಬಹಳ ಇಷ್ಟವಾದ ಸಂಗತಿ ಮುಂದಿದೆ. ಅದೇ ನೀರನ್ನು ಟರ್ಬೈನಿಗೆ ಕೊಡದೆ ಗೇಟು ತೆಗೆದು ಧುಮುಕಲು ಬಿಟ್ಟರೂ ಆ 245 ಜೂಲ್ ಎಲ್ಲಿಗೂ ಓಡಿಹೋಗುವುದಿಲ್ಲ. ನೀರು ಬಿದ್ದು, ನೊರೆಯಾಗಿ, ಸುಳಿ ಸುತ್ತಿ ಶಾಂತವಾಗುವಷ್ಟರಲ್ಲಿ ಅಷ್ಟೂ ಶಾಖವಾಗಿ ನೀರಿಗೇ ಸೇರುತ್ತದೆ. ಬಿಸಿ ಏರುವುದು ಒಂದು ಡಿಗ್ರಿಯ ನೂರರಲ್ಲಿ ಆರು ಪಾಲು ಮಾತ್ರ. ಅಂದರೆ ಕರೆಂಟ್ ತೆಗೆದ ನೀರಿಗೂ ತೆಗೆಯದ ನೀರಿಗೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದು ಕೂದಲೆಳೆಯಷ್ಟು ತಂಪು!

ಧುಮುಕಿದ ನೀರಿನ ಈ ಬಿಸಿಯ ಏರಿಕೆಯನ್ನು ಅಳೆಯಲು ಹೊರಟವನೂ ಒಬ್ಬನಿದ್ದ. 1847ರಲ್ಲಿ ಹೊಸದಾಗಿ ಮದುವೆಯಾಗಿದ್ದ ಜೇಮ್ಸ್ ಜೂಲ್, ಆಲ್ಪ್ಸ್‌ನ ಶಮೋನಿ ಬಳಿ ಉದ್ದನೆಯ ಥರ್ಮಾಮೀಟರ್ ಹಿಡಿದು ಜಲಪಾತ ನೋಡಲು ಹೊರಟಿದ್ದಾಗ ತನಗೆ ಎದುರಾದನೆಂದು ವಿಜ್ಞಾನಿ ವಿಲಿಯಂ ಥಾಮ್ಸನ್ ಹೇಳಿಕೊಂಡಿದ್ದಾನೆ. ನೀರು ತುಂತುರಾಗಿ ಚದುರುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ನಮ್ಮ ಗೋಕಾಕದಲ್ಲಿ ಲೆಕ್ಕದ ಪ್ರಕಾರ ಏರಿಕೆ ಡಿಗ್ರಿಯ ಎಂಟನೇ ಒಂದು ಪಾಲು. ಗಾಳಿ, ಬಿಸಿಲು, ಆವಿಯಾಗುವಿಕೆಗಳ ನಡುವೆ ಅದನ್ನು ಹಿಡಿಯುವುದು ಅಲ್ಲೂ ಕಷ್ಟವೇ.

ಶಕ್ತಿ ಕೊನೆಗೆ ಶಾಖವಾಗುತ್ತದೆ; ಪಾಠದಲ್ಲಿ ನಾವು ಎಡವುವುದು ಇಲ್ಲೇ. ನೀರು, ಟರ್ಬೈನು, ತಂತಿ, ಬಲ್ಬು ಎಂದು ಬಾಣದ ಗುರುತು ಹಾಕುತ್ತ ಬಂದು ಬಲ್ಬು ಬೆಳಗಿದೊಡನೆ ಸೀಮೆಸುಣ್ಣ ಕೆಳಗಿಡುತ್ತೇವೆ. ಆ ಬೆಳಕು ಮುಂದೆ ಏನಾಯಿತು? ಗೋಡೆಗೆ, ನೆಲಕ್ಕೆ, ಪುಸ್ತಕದ ಹಾಳೆಗೆ ಬಿದ್ದು ಬಹುಪಾಲು ಶಾಖವಾಯಿತು. ಈ ಕೊನೆಯ ಬಾಣ ಹಾಕದಿದ್ದರೆ ಶಕ್ತಿ ‘ಖರ್ಚಾಗಿ ಮುಗಿಯಿತು’ ಎಂದೇ ಮಕ್ಕಳು ತಿಳಿಯುತ್ತಾರೆ.

ಕೆರೂರಿನ ಮಕ್ಕಳಿಗೆ ಜಲಪಾತವೇ ಬೇಕಿಲ್ಲ, ಹಿಟ್ಟಿನ ಗಿರಣಿ ಸಾಕು. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಡಬ್ಬಿಯನ್ನು ಎದೆಗವುಚಿಕೊಂಡು ತಂದವರಿಗೆ ಅದರ ಬಿಸಿ ಗೊತ್ತು. ಅಂಗಿಯ ಮೂಲಕವೂ ಅದು ತಾಗುತ್ತದೆ. ಅಲ್ಲಿ ಯಾರೂ ಒಲೆ ಹಚ್ಚಿರುವುದಿಲ್ಲ. ತಂತಿಯಲ್ಲಿ ಬಂದ ವಿದ್ಯುತ್ತು ಮೋಟಾರು ತಿರುಗಿಸಿ, ಕಲ್ಲುಗಳ ನಡುವೆ ಕಾಳು ಅರೆದು, ತಿಕ್ಕಾಟದಲ್ಲಿ ಶಾಖವಾಗಿ ಹಿಟ್ಟಿಗೆ ಸೇರಿದೆ. ಶಾಲೆಯ ಪ್ರಯೋಗದ ಥರ್ಮಾಮೀಟರನ್ನು (ಜ್ವರ ನೋಡುವುದನ್ನಲ್ಲ) ಬೀಸುವ ಮೊದಲು ಜೋಳದಲ್ಲಿ, ಬೀಸಿದ ಕೂಡಲೇ ಹಿಟ್ಟಿನಲ್ಲಿ ಇಟ್ಟು ಬರೆದುಕೊಳ್ಳಲಿ. ನುಚ್ಚು ಒಡೆಸಿದ ದಿನವೂ ಅಳೆಯಲಿ. ನುಚ್ಚಿಗಿಂತ ನುಣ್ಣನೆಯ ಹಿಟ್ಟು ಯಾಕೆ ಹೆಚ್ಚು ಬಿಸಿ ಎಂಬುದನ್ನು ಆ ಹುಡುಗನೇ ಮುತ್ಯಾನಿಗೆ ವಿವರಿಸಲಿ.